ಪೋಸ್ಟ್-ಪಂಕ್‌ನಲ್ಲಿ ಬೇಸ್ ಯಾಕೆ ಮುಂದೆ ಬಂತು?

[ಟೀ ಶರ್ಟ್ ಫೋಟೋ]

ಕಪ್ಪು ಟೀ ಶರ್ಟ್, ಎದೆ ಮೇಲೆ ಬೆಟ್ಟದ ಸಾಲಿನ ಥರ ಬಿಳಿ ಗೆರೆಗಳು. ನೋಡಿರುತ್ತೀರಿ. "ಇದು ಪಂಕ್ ಬ್ಯಾಂಡ್ ಅಲ್ವಾ?" ಅಂತ ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಬ್ಯಾಂಡ್ ಹೆಸರು ಜಾಯ್ ಡಿವಿಷನ್, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯವರು. ಆ ಗೆರೆಗಳು ಬೆಟ್ಟವೂ ಅಲ್ಲ, ಪಲ್ಸಾರ್ ಅನ್ನುವ, ಗಿರಗಿರ ತಿರುಗುವ ಒಂದು ನಕ್ಷತ್ರದಿಂದ ಬಂದ ರೇಡಿಯೋ ಅಲೆಗಳು. ಸಂಗೀತ ಪೋಸ್ಟ್-ಪಂಕ್. ಹಾಗಂದರೆ ಏನು?

ಪಂಕ್ ಕಥೆ ಬೇಗ ಮುಗಿಸೋಣ. 1976, ಲಂಡನ್, ಸೆಕ್ಸ್ ಪಿಸ್ಟಲ್ಸ್. ಜೋರು ಗಿಟಾರ್, ಸಿಟ್ಟು. 1978ರ ಜನವರಿಯಲ್ಲಿ ಬ್ಯಾಂಡ್ ಒಡೆಯಿತು. ಆಮೇಲೆ ಬಂದದ್ದೆಲ್ಲ ಪೋಸ್ಟ್-ಪಂಕ್ ಅಂದುಬಿಟ್ಟರೆ ಸುಲಭ. ಆದರೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಪೇರ್ ಉಬು ಬ್ಯಾಂಡ್ ಶುರುವಾದದ್ದು 1975ರಲ್ಲಿ. ಅವರನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ! ಹಾಗಾಗಿ ಕ್ಯಾಲೆಂಡರ್ ಬಿಡಿ. ಯಾರು ಬೇಕಾದರೂ ಬ್ಯಾಂಡ್ ಕಟ್ಟಬಹುದು ಅನ್ನುವ ಪಂಕ್ ಧೈರ್ಯ ಉಳಿಸಿಕೊಂಡು, ಅದರ ಹಳೇ ರಾಕ್ ಚಾಳಿ ಬಿಟ್ಟವರು ಇವರು. ಬಿಟ್ಟ ಜಾಗಕ್ಕೆ ಏನು ಬಂತು? ನನ್ನ ಪ್ರಕಾರ, ಮೊದಲು ಬಂದದ್ದು ಬೇಸ್ ಗಿಟಾರ್, ಅಂದರೆ ತಗ್ಗಿನ, ದಪ್ಪ ಸ್ವರ ನುಡಿಸುವ ಗಿಟಾರ್.

ಲಂಡನ್ನಿನ ಪಂಕ್ ಅಡ್ಡಾ ರಾಕ್ಸಿ ಕ್ಲಬ್ಬಿನಲ್ಲಿ ರೆಕಾರ್ಡ್ ಹಾಕುತ್ತಿದ್ದವರು ಡಾನ್ ಲೆಟ್ಸ್. ಅಪ್ಪ ಅಮ್ಮ ಜಮೈಕಾದವರು. ಆಗಿನ್ನೂ ಪಂಕ್ ರೆಕಾರ್ಡುಗಳೇ ಜಾಸ್ತಿ ಬಂದಿರಲಿಲ್ಲ. ಇನ್ನೇನು ಹಾಕುವುದು? ತಮ್ಮ ಹತ್ತಿರ ಇದ್ದ ಜಮೈಕಾದ ಸಂಗೀತ ಹಾಕಿದರು: ರೆಗೆ, ಅದರಿಂದಲೇ ಹುಟ್ಟಿದ ಡಬ್. ಡಬ್‌ನಲ್ಲಿ ಹಾಡಿನಿಂದ ಹಾಡುಗಾರನನ್ನೇ ಹೆಚ್ಚುಕಡಿಮೆ ಹೊರಗೆ ಕಳಿಸುತ್ತಾರೆ. ಡ್ರಮ್ಮು, ಬೇಸು ಉಳಿಯುತ್ತವೆ, ಮೇಲೆ ಎಕೋ. ಪಂಕ್ ಹುಡುಗರ ಕಿವಿಗೆ ಬಿದ್ದದ್ದು ಇದು.

ಪಿಸ್ಟಲ್ಸ್ ಬಿಟ್ಟ ಹಾಡುಗಾರ ಜಾನ್ ಲೈಡನ್ ಪಬ್ಲಿಕ್ ಇಮೇಜ್ ಲಿಮಿಟೆಡ್ ಕಟ್ಟಿದರು. ಬೇಸ್ ಹಿಡಿದದ್ದು ಗೆಳೆಯ ಜಾ ವಾಬಲ್, ರೆಗೆ ಹುಚ್ಚು ಹಿಡಿದವರು. 1979ರಲ್ಲಿ ಅವರ 'ಮೆಟಲ್ ಬಾಕ್ಸ್' ಆಲ್ಬಮ್ ಬಂತು.

[ಡಬ್ಬದ ಫೋಟೋ. ಇಲ್ಲಿ ಸ್ವಲ್ಪ ನಿಲ್ಲಿಸಿ]

ನನಗೆ ಇದರ ಮೇಲೆ ಜಾಸ್ತಿ ಪ್ರೀತಿ, ಸಹಿಸಿಕೊಳ್ಳಿ. ನಿಜವಾಗಿಯೂ ತಗಡಿನ ಡಬ್ಬ, ಸಿನಿಮಾ ರೀಲ್ ಇಡುವಂಥದ್ದು. ಒಳಗೆ 12 ಇಂಚಿನ 3 ರೆಕಾರ್ಡು, ನಡುವೆ ಗುಂಡನೆಯ ಕಾಗದ. ಥೇಟ್ ಡಬ್ಬಕ್ಕೆ ಒತ್ತಿ ತುಂಬಿದ ಹೋಳಿಗೆ. ಬೆರಳು ತೂರಿಸಲು ಜಾಗವಿಲ್ಲ, ಅವಸರ ಮಾಡಿದರೆ ಗೀರು ಬಿತ್ತು ಅಂತಲೇ. ಇಷ್ಟು ಕಾಟ ಕೊಟ್ಟು 3 ರೆಕಾರ್ಡು ಯಾಕೆ? ಇರೋದೇ ಒಂದು ಗಂಟೆ ಸಂಗೀತ, 2 ಎಲ್‌ಪಿ (ನಿಧಾನ ತಿರುಗುವ, ಜಾಸ್ತಿ ಹಾಡು ಹಿಡಿಸುವ ಮಾಮೂಲಿ ರೆಕಾರ್ಡು) ಸಾಕಿತ್ತು. ಆದರೆ ಬೇಸ್ ಜೋರಾದಷ್ಟೂ ರೆಕಾರ್ಡಿನ ಗೆರೆ ಅಡ್ಡಡ್ಡ ಓಲಾಡುತ್ತದೆ, ಅದಕ್ಕೆ ಜಾಗ ಬೇಕು. ಒಂದೊಂದು ಬದಿಗೆ ಕಡಿಮೆ ಹಾಡು ಹಾಕಿ, ನಿಮಿಷಕ್ಕೆ 45 ಸುತ್ತಿನಲ್ಲಿ ತಿರುಗಿಸಿದರೆ ಬೇಸ್‌ಗೆ ಬೇಕಾದಷ್ಟು ಜಾಗ. ಗಿಟಾರ್ ಪಾಪ, ಪಕ್ಕದಲ್ಲಿ ಚೂಪಾಗಿ ಕೆರೆಯುತ್ತಾ ಇರುತ್ತದೆ.

ಟೈಮ್ ಓಡುತ್ತಿದೆ, ಉಳಿದವರನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ದಿ ಸ್ಲಿಟ್ಸ್ ಬ್ಯಾಂಡಿನ ಹುಡುಗಿಯರು ತಮ್ಮ ಮೊದಲ ಆಲ್ಬಮ್ಮನ್ನು ರೆಗೆ ಸಂಗೀತಗಾರ ಡೆನಿಸ್ ಬೊವೆಲ್ ಕೈಗೆ ಕೊಟ್ಟರು. ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ಫಂಕ್ (ಪಂಕ್ ಅಲ್ಲ, ಅಮೆರಿಕದ ಕಪ್ಪುಜನರ ಕುಣಿತದ ಸಂಗೀತ) ಥರದ ಕುಣಿಸುವ ಬೇಸ್ ಮೇಲೆ ಮಾರ್ಕ್ಸ್‌ವಾದ ಹೇರಿದರು. ಜಾಯ್ ಡಿವಿಷನ್‌ನಲ್ಲಿ ಇನ್ನೊಂದು ತಮಾಷೆ. ಗಿಟಾರ್ ಆಂಪ್ಲಿಫೈಯರ್ ಎಷ್ಟು ಜೋರಿತ್ತೆಂದರೆ ಪೀಟರ್ ಹುಕ್‌ಗೆ ತಮ್ಮ ಬೇಸ್ ತಮಗೇ ಕೇಳುತ್ತಿರಲಿಲ್ಲ. ಕೇಳಲಿ ಅಂತ ಮೇಲಿನ ಸ್ವರಗಳಿಗೆ ಹೋದರು. ಹಾಗೆ ಹಾಡಿನ ಟ್ಯೂನೇ ಬೇಸ್ ಪಾಲಾಯಿತು.

ಕೇಳೋದಾದರೆ 'ಮೆಟಲ್ ಬಾಕ್ಸ್'ನ ಮೊದಲ ಹಾಡು 'ಆಲ್ಬಟ್ರಾಸ್' ಹಾಕಿ. 10 ನಿಮಿಷ ದಾಟುತ್ತದೆ. ದಯವಿಟ್ಟು ಫೋನ್ ಸ್ಪೀಕರಿನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ.