ಗೆಲ್ಲಿಸುವುದು ಐದನೆಯವರು

ಕೇಳುಗರೇ, ನಮಸ್ಕಾರ.

ಓಟದ ಪಂದ್ಯ ಅಂದ ಕೂಡಲೇ ನಾವೆಲ್ಲ ನೋಡುವುದು ಮೊದಲು ಬಂದವರನ್ನು. ಕ್ಯಾಮೆರಾ ಅವರ ಹಿಂದೆಯೇ ಹೋಗುತ್ತದೆ, ಮರುದಿನದ ಪೇಪರಿನಲ್ಲೂ ಅವರದ್ದೇ ಫೋಟೋ. ಆದರೆ ಅಮೆರಿಕದಲ್ಲಿ ಪ್ರತಿ ನವೆಂಬರ್‌ನಲ್ಲಿ ನಡೆಯುವ ಒಂದು ಓಟದಲ್ಲಿ ಪಟ್ಟ ಯಾರಿಗೆ ಅಂತ ತೀರ್ಮಾನ ಮಾಡುವುದು ಎಷ್ಟೋ ಸಲ ಮುಂದಿರುವವರಲ್ಲ. ಅರವತ್ತನೆಯವರೋ ಎಪ್ಪತ್ತನೆಯವರೋ ಆಗಿ, ಏದುಸಿರು ಬಿಡುತ್ತಾ, ಗುಂಪಿನ ಮಧ್ಯದಲ್ಲಿ ಬರುವ ಒಬ್ಬ ವಿದ್ಯಾರ್ಥಿ. ಟಿವಿಯಲ್ಲಿ ಅವನ ಮುಖವೂ ಸರಿಯಾಗಿ ಕಂಡಿರುವುದಿಲ್ಲ. ಇವತ್ತು ಆ ಓಟದ ಬಗ್ಗೆ ಮಾತಾಡೋಣ.

ಅದು ಎನ್‌ಸಿಎಎ, ಅಂದರೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯ, ರಾಷ್ಟ್ರೀಯ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್. ಇಲ್ಲಿ ಟ್ರ್ಯಾಕ್ ಇಲ್ಲ, ಲೇನ್ ಇಲ್ಲ. ಹುಲ್ಲು, ದಿಬ್ಬ, ಇಳಿಜಾರು, ಮಳೆ ಬಂದಿದ್ದರೆ ಕೆಸರು. ಗಂಡಸರ ಓಟ ಶುರುವಾದದ್ದು 1938ರಲ್ಲಿ, ಮಿಶಿಗನ್‌ನ ಈಸ್ಟ್ ಲ್ಯಾನ್ಸಿಂಗ್ ಊರಿನಲ್ಲಿ. ಎನ್‌ಸಿಎಎ ಹೆಂಗಸರ ಓಟ ಶುರು ಮಾಡಿದ್ದು 1981ರಲ್ಲಿ, ನಲವತ್ತಮೂರು ವರ್ಷ ತಡವಾಗಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ದರ್ಜೆಯ ಕಾಲೇಜುಗಳ ಓಟವನ್ನೇ ತೆಗೆದುಕೊಳ್ಳಿ. ಇಡೀ ದೇಶವನ್ನು ಒಂಬತ್ತು ವಲಯ ಮಾಡಿದ್ದಾರೆ. ಪ್ರತಿ ವಲಯದಲ್ಲಿ ಮೊದಲ ಎರಡು ತಂಡಗಳಿಗೆ ನೇರ ಪ್ರವೇಶ. ಆ ಋತುವಿನಲ್ಲಿ ಚೆನ್ನಾಗಿ ಓಡಿದ ಇನ್ನೂ ಹದಿಮೂರು ತಂಡಗಳನ್ನು ಆರಿಸುತ್ತಾರೆ. ಒಟ್ಟು 31 ತಂಡ, ತಂಡಕ್ಕೆ ಏಳು ಜನ. ತಂಡ ಆಯ್ಕೆಯಾಗದಿದ್ದರೂ ತಾವು ಒಬ್ಬರೇ ಚೆನ್ನಾಗಿ ಓಡಿದವರು 38 ಮಂದಿ. ಎಲ್ಲ ಸೇರಿ 255 ಜನ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ.

ಇನ್ನು ಲೆಕ್ಕ. ನನ್ನ ಪ್ರಕಾರ ಈ ಆಟದ ಜೀವ ಇರುವುದೇ ಈ ಲೆಕ್ಕದಲ್ಲಿ. ಎಷ್ಟನೆಯವರಾಗಿ ಬರುತ್ತೀರೋ ಅಷ್ಟೇ ಅಂಕ. ಮೊದಲು ಬಂದರೆ ಒಂದು, ಐವತ್ತನೆಯವರಾಗಿ ಬಂದರೆ ಐವತ್ತು. ಏಳರಲ್ಲಿ ಮೊದಲ ಐದು ಜನರ ಅಂಕ ಮಾತ್ರ ಕೂಡುತ್ತಾರೆ, ಕಡಿಮೆ ಬಂದವರು ಗೆದ್ದ ಹಾಗೆ. ಒಬ್ಬರೇ ಬಂದಿರುವ ಆ 38 ಜನರನ್ನು ಈ ಲೆಕ್ಕದಿಂದ ತೆಗೆದುಬಿಡುತ್ತಾರೆ. ಹಾಗಾದರೆ ಆರನೆಯವರು, ಏಳನೆಯವರು ಸುಮ್ನೆ ಓಡುತ್ತಾರಾ? ಇಲ್ಲ. ಅವರ ಅಂಕ ಸೇರದಿದ್ದರೂ, ಎದುರಾಳಿ ತಂಡದ ಐದನೆಯವರಿಗಿಂತ ಮುಂದೆ ಬಂದರೆ ಆ ತಂಡದ ಅಂಕ ಜಾಸ್ತಿಯಾಗುತ್ತದೆ. ತಮ್ಮ ಹೆಸರಿಗೆ ಒಂದು ಅಂಕವೂ ಸಿಗದೆ ಪಂದ್ಯ ಗೆಲ್ಲಿಸಿಕೊಡುವವರು ಅವರು.

ಐದೂ ಜನ ಮೊದಲ ಐದು ಸ್ಥಾನ ಹಿಡಿದರೆ ಒಂದು, ಎರಡು, ಮೂರು, ನಾಲ್ಕು, ಐದು, ಕೂಡಿದರೆ ಹದಿನೈದು. ಅದಕ್ಕಿಂತ ಕಡಿಮೆ ಅಂಕ ಸಾಧ್ಯವೇ ಇಲ್ಲ. 1981ರಲ್ಲಿ ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾಲಯದ ಗಂಡಸರ ತಂಡ 17 ಅಂಕದಲ್ಲಿ ಗೆದ್ದಿತ್ತು. ರಾಷ್ಟ್ರೀಯ ಮಟ್ಟದಲ್ಲಿ ಹದಿನೇಳು! ಈಗಿನ ಕಾಲದಲ್ಲಿ ನೂರರ ಒಳಗೆ ಬಂದರೂ ಅದು ಒಳ್ಳೆಯ ಗೆಲುವೇ.

ಈ ಲೆಕ್ಕ ಎಷ್ಟು ಕ್ರೂರ ಅಂತ ಗೊತ್ತಾಗಬೇಕಾದರೆ 2022ರ ಓಟ ನೋಡಬೇಕು. ಅದು ನಡೆದದ್ದು ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ, ಅಂದರೆ ಒಕ್ಲಹೋಮಾ ಸ್ಟೇಟ್ ತಂಡದ ಸ್ವಂತ ಅಂಗಳದಲ್ಲಿ. ಎದುರಿಗೆ ನಾರ್ದರ್ನ್ ಅರಿಜೋನಾ. ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರ್‌ಗಿಂತ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಅಭ್ಯಾಸ ಮಾಡುವ ತಂಡ. 2016ರಿಂದ ಆಚೆಗೆ ಒಂದು ವರ್ಷ ಬಿಟ್ಟು ಎಲ್ಲ ಸಲವೂ ಗೆದ್ದುಕೊಂಡು ಬಂದಿತ್ತು. ಹತ್ತು ಕಿಲೋಮೀಟರ್ ಓಡಿ ಮುಗಿಸಿ, ಐದು ಜನರ ಸ್ಥಾನ ಕೂಡಿ ನೋಡಿದರೆ ಎರಡೂ ತಂಡಕ್ಕೆ 83. ಸಮ ಸಮ! ಆಗ ಏನು ಮಾಡುತ್ತಾರೆ ಅಂದರೆ, ಈ ತಂಡದ ಮೊದಲನೆಯವರನ್ನು ಆ ತಂಡದ ಮೊದಲನೆಯವರ ಜೊತೆ, ಎರಡನೆಯವರನ್ನು ಎರಡನೆಯವರ ಜೊತೆ, ಹೀಗೆ ಐದು ಜೋಡಿ ಹೋಲಿಸುತ್ತಾರೆ. ಐದರಲ್ಲಿ ಮೂರು ಜೋಡಿ ಗೆದ್ದ ನಾರ್ದರ್ನ್ ಅರಿಜೋನಾಗೆ ಪಟ್ಟ ಹೋಯಿತು. ಒಕ್ಲಹೋಮಾ ಸ್ಟೇಟ್‌ನ ಹುಡುಗರ ಸ್ಥಿತಿ ಯೋಚಿಸಿ. ತಮ್ಮದೇ ನೆಲ, ತಮ್ಮದೇ ಜನ, ಅಂಕದಲ್ಲಿ ಸೋತೂ ಇಲ್ಲ. ಐದು ಜನರಲ್ಲಿ ಯಾರಾದರೂ ಒಬ್ಬರು, ಬೇರೆ ಯಾವುದಾದರೂ ತಂಡದ ಒಬ್ಬರನ್ನು ಹಿಂದೆ ಹಾಕಿದ್ದರೆ ಸಾಕಿತ್ತು. ಮರುವರ್ಷ ವರ್ಜೀನಿಯಾದಲ್ಲಿ ಅವರೇ ಗೆದ್ದರು. ನನಗಂತೂ ತುಂಬಾ ಖುಷಿಯಾಯಿತು.

ಅದೇ 2023ರಲ್ಲಿ ಹೆಂಗಸರ ಓಟ. ನಾರ್ತ್ ಕೆರೊಲಿನಾ ಸ್ಟೇಟ್ 123, ನಾರ್ದರ್ನ್ ಅರಿಜೋನಾ 124. ಒಂದೇ ಒಂದು ಅಂಕ. ಆ ದಿನ ಎಲ್ಲರಿಗಿಂತ ಮೊದಲು ಬಂದದ್ದು ಫ್ಲೋರಿಡಾದ ಪಾರ್ಕರ್ ವ್ಯಾಲ್ಬಿ, ಆದರೆ ತಂಡದ ಪಟ್ಟ ಅವರ ಕಾಲೇಜಿಗೆ ಸಿಗಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ ಕೇಟಲಿನ್ ಟೂಹಿ ಐದನೆಯವರಾಗಿ ಬಂದರು, ಆದರೂ ಅವರ ನಾರ್ತ್ ಕೆರೊಲಿನಾ ಸ್ಟೇಟ್ ಸತತ ಮೂರನೇ ಸಲ ಗೆದ್ದಿತು. ಒಂದು ಅಂಕ ಅಂದರೆ ಎಷ್ಟು? ಅಂಕ ಕೊಡುವ ಒಬ್ಬ ಅರಿಜೋನಾ ಹುಡುಗಿ ಬೇರೆ ಯಾವುದೋ ತಂಡದ ಒಬ್ಬಳನ್ನು ದಾಟಿದ್ದರೆ ಸಮ. ಅದೇ ಕೆರೊಲಿನಾದ ಮೊದಲ ಐವರಲ್ಲಿ ಒಬ್ಬಳನ್ನು ದಾಟಿದ್ದರೆ ಫಲಿತಾಂಶವೇ ತಿರುಗಾಮುರುಗಾ!

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗುಂಡು ಹಾರಿದ ಕೂಡಲೇ 255 ಜನ ಅಗಲವಾದ ಹುಲ್ಲಿನ ಮೇಲೆ ಒಟ್ಟಿಗೆ ನುಗ್ಗುತ್ತಾರೆ. ಮೊಳೆ ಬೂಟು, ಮೊಣಕೈ, ಹಾರುವ ಮಣ್ಣು. ಮುಂದೆ ದಾರಿ ಕಿರಿದಾಗುವುದರೊಳಗೆ ಜಾಗ ಹಿಡಿಯಬೇಕು, ಹಾಗಂತ ಜಾಸ್ತಿ ಜೋರಾಗಿ ಹೋದರೆ ಕೊನೆಗೆ ಕಾಲು ಬರುವುದಿಲ್ಲ. ಮುಂದೆ ಓಡುವವರ ಸುತ್ತ ಜಾಗ ಇರುತ್ತದೆ. ಅವರು ಮೂರು ಸೆಕೆಂಡ್ ಕಳೆದುಕೊಂಡರೂ ಬಹುಶಃ ಒಂದು ಸ್ಥಾನ ಹೋಗಬಹುದು, ಅಷ್ಟೇ. ಆದರೆ ಎಪ್ಪತ್ತನೆಯ ಜಾಗದಲ್ಲಿರುವ ಹುಡುಗನ ಮುಂದೆ ಹಿಂದೆ ಬರೀ ಜನ. ಒಂದು ದಿಬ್ಬ ಹತ್ತುವಾಗ ಉಸಿರು ಸಿಗದೆ ಅವನು ಅದೇ ಮೂರು ಸೆಕೆಂಡ್ ನಿಧಾನವಾದರೆ ಎಡಗಡೆಯಿಂದ ನಾಲ್ಕು ಜನ, ಬಲಗಡೆಯಿಂದ ನಾಲ್ಕು ಜನ ದಾಟಿ ಹೋಗುತ್ತಾರೆ, ತಂಡಕ್ಕೆ ಹತ್ತಿರ ಹತ್ತಿರ ಎಂಟು ಅಂಕ ಏಟು. ಅದಕ್ಕೇ ಕೋಚ್‌ಗಳು ಹಗ್ಗದ ಆಚೆ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ತಾವೂ ಓಡುತ್ತಾ, ಮುಂದಿರುವವರಿಗಿಂತ ಈ ನಾಲ್ಕನೆಯವರಿಗೆ, ಐದನೆಯವರಿಗೆ ಜಾಸ್ತಿ ಕೂಗಿ ಹೇಳುತ್ತಾರೆ. ಐದೂ ಜನ ಹತ್ತಿರ ಹತ್ತಿರ ಓಡಿದರೆ ಇನ್ನೂ ಒಳ್ಳೆಯದು, ಒಬ್ಬರು ಸೋತಾಗ ಪಕ್ಕದವರು ಎಳೆದುಕೊಂಡು ಹೋಗುತ್ತಾರೆ.

ದೊಡ್ಡ ಹೆಸರುಗಳಿಗೂ ಈ ನೆಲ ಕರುಣೆ ತೋರಿಸುವುದಿಲ್ಲ. ಕೀನ್ಯಾದ ಹೆನ್ರಿ ರೋನೊ ವಾಷಿಂಗ್ಟನ್ ಸ್ಟೇಟ್ ಪರ 1976, 1977 ಮತ್ತು 1979ರಲ್ಲಿ ಗೆದ್ದವರು. ಮಧ್ಯದ 1978ರಲ್ಲಿ ಅವರು ಟ್ರ್ಯಾಕ್ ಮೇಲೆ 81 ದಿನದಲ್ಲಿ ನಾಲ್ಕು ವಿಶ್ವದಾಖಲೆ ಮಾಡಿದ್ದರು. ಅದೇ ವರ್ಷ ನವೆಂಬರ್‌ನ ಈ ಓಟದಲ್ಲಿ ಇನ್ನೂರು ಜನರಿಗಿಂತ ಹಿಂದೆ ಉಳಿದರು. ಹಾಗಾಗಿ ಒರೆಗಾನ್‌ನ ಎಡ್ವರ್ಡ್ ಚೆಸೆರೆಕ್ 2013, 2014, 2015ರಲ್ಲಿ ಸತತವಾಗಿ ಗೆದ್ದಾಗ ಅದು ದೊಡ್ಡ ಸುದ್ದಿಯಾಯಿತು. ಗಂಡಸರಲ್ಲಿ ಅವರಿಗಿಂತ ಮೊದಲು ಯಾರೂ ಸತತ ಮೂರು ಗೆದ್ದಿರಲಿಲ್ಲ. ಹೆಂಗಸರಲ್ಲಿ ಟೆಕ್ಸಾಸ್ ಟೆಕ್‌ನ ಸ್ಯಾಲಿ ಕಿಪ್ಯೇಗೊ ಅದನ್ನು 2006ರಿಂದ 2008ರ ಒಳಗೇ ಮಾಡಿ ಮುಗಿಸಿದ್ದರು. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕು.

ಹೆಂಗಸರ ವಿಷಯ ಬಂತಲ್ಲ, ನನಗೆ ಸರಿ ಕಾಣದ ಒಂದು ಮಾತು ಹೇಳಲೇಬೇಕು. 2024ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಡೆದ ಕೂಟದಲ್ಲೂ ಗಂಡಸರು ಓಡಿದ್ದು 10 ಕಿಲೋಮೀಟರ್, ಹೆಂಗಸರು 6. ಆ ದಿನ ಬ್ರಿಗಂ ಯಂಗ್ ವಿಶ್ವವಿದ್ಯಾಲಯ ಎರಡೂ ಪಟ್ಟ ಗೆದ್ದಿತು. ಒಂದೇ ಕಾಲೇಜು, ಒಂದೇ ಹುಲ್ಲು, ದೂರ ಮಾತ್ರ ಬೇರೆ. ಇದೇ ಹುಡುಗಿಯರು ಬೇಸಿಗೆಯ ಟ್ರ್ಯಾಕ್ ಕೂಟದಲ್ಲಿ 10,000 ಮೀಟರ್ ಓಡುತ್ತಾರೆ. ವಿಶ್ವ ಕ್ರಾಸ್ ಕಂಟ್ರಿಯಲ್ಲಿ 2017ರಿಂದ ಹಿರಿಯ ಗಂಡಸರಿಗೂ ಹೆಂಗಸರಿಗೂ ಒಂದೇ ದೂರ, 10 ಕಿಲೋಮೀಟರ್. ಹಾಗಿರುವಾಗ ಇಲ್ಲಿ ಯಾಕೆ ಆರು? ಓಟ ಚಿಕ್ಕದಾದಷ್ಟೂ ಗುಂಪು ಬಿಡಿಸಿಕೊಳ್ಳುವುದಿಲ್ಲ, ಶುರುವಿನಲ್ಲಿ ಎಡವಿದವರಿಗೆ ಸುಧಾರಿಸಿಕೊಳ್ಳಲು ಸಮಯವೂ ಸಿಗುವುದಿಲ್ಲ. ಅವರಿಗೂ ಹತ್ತು ಕೊಡಬೇಕು. ಎಂಟು ಮಾಡಿ ಇಬ್ಬರಿಗೂ ಸಮ ಮಾಡಿದರೂ ಸರಿ.

ಈ ಓಟವನ್ನು ಯಾವಾಗಲಾದರೂ ನೋಡುವ ಅವಕಾಶ ಸಿಕ್ಕರೆ ಹೀಗೆ ಮಾಡಿ. ಒಂದು ತಂಡ ಆರಿಸಿಕೊಳ್ಳಿ, ಅದರ ಬನಿಯನ್ ಬಣ್ಣ ನೆನಪಿಟ್ಟುಕೊಳ್ಳಿ. ಮುಂದಿರುವ ಐದಾರು ಜನರನ್ನು ಕ್ಯಾಮೆರಾಗೆ ಬಿಟ್ಟುಬಿಡಿ. ಪ್ರತಿ ತಿರುವಿನಲ್ಲೂ ಆ ಬಣ್ಣದವರನ್ನು ಒಂದರಿಂದ ಐದರ ತನಕ ಎಣಿಸಿ, ನಾಲ್ಕನೆಯವರು ಹೋದ ಮೇಲೆ ಐದನೆಯವರು ಬರುವುದಕ್ಕೆ ಎಷ್ಟು ಹೊತ್ತಾಯಿತು ನೋಡಿ. ಪರದೆಯ ಮೇಲೆ ಅಲ್ಲಲ್ಲಿ ತಂಡಗಳ ಅಂಕ ಬರುತ್ತದೆ, ಅದು ಇಳಿದದ್ದೋ ಏರಿದ್ದೋ ಯಾರಿಂದ ಅಂತ ಆಗ ನಿಮಗೇ ಗೊತ್ತಾಗುತ್ತದೆ.

ನಮಸ್ಕಾರ.