ಇಮೇಲ್ ಐಡಿ ಸಾದಾ ಇರಲಿ

ಕಲಬುರಗಿ ಕೇಳುಗರಿಗೆ ಶರಣು. ಡಿಗ್ರಿ ಮುಗಿಸಿ ಅರ್ಜಿ ತುಂಬಲಿಕ್ಕೆ ಕಂಪ್ಯೂಟರ್ ಸೆಂಟರ್ ಮುಂದ ಪಾಳಿ ಹಚ್ಚೋ ಹುಡುಗರು, ಅವರ ಜೋಡಿ ಬರೋ ಅಪ್ಪ-ಅವ್ವಂದಿರು ಇವತ್ತ ಜರಾ ಕಿವಿಗೊಟ್ಟು ಕೇಳ್ರಿ. ನಾ ಹೇಳೋದು ಒಂದೇ ಮಾತು. ಇಮೇಲ್ ಐಡಿ ಒಳಗ ಅಕ್ಷರ ಇರಲಿ, ಅಂಕಿ ಇರಲಿ, ಭಾಳಂದ್ರ ಒಂದು ಚುಕ್ಕಿ. ಮತ್ತೇನೂ ಬ್ಯಾಡ.

1971ರಾಗ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕ ಮೊದಲ ಇಮೇಲ್ ಕಳಿಸಿದ ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್ಸನ್ ಆ್ಯಟ್ (@) ಚಿಹ್ನಿ ಆರಿಸಿಕೊಂಡಿದ್ದು ಯಾಕಂದ್ರ, ಅದು ಯಾರ ಹೆಸರಿನಾಗೂ ಬರಂಗಿಲ್ಲ. ಆ ಒಂದು ಚಿಹ್ನಿ ಸಾಕ್ರಿ. ನಿಯಮ ನೋಡಿದ್ರ ಅದರ ಎಡಕ್ಕ ಪ್ಲಸ್, ಹೈಫನ್, ಡಾಲರ್, ಪ್ರಶ್ನಾರ್ಥಕ ಸುದ್ದಾ ನಡೀತಾವ. ನಿಯಮಕ್ಕ ನಡೆದ್ರ ಆಯ್ತೇನು? ಅರ್ಜಿ ತಗೊಳ್ಳೋ ವೆಬ್‌ಸೈಟಿಗೂ ನಡೀಬೇಕಲ್ಲ! ಜಿಮೇಲ್ ಅಂತೂ ಹೊಸ ಐಡಿಗೆ ಅಂಡರ್‌ಸ್ಕೋರ್ (ಕೆಳಗಿನ ಗೆರಿ), ಹೈಫನ್ ಎರಡೂ ಒಪ್ಪಂಗಿಲ್ಲ.

ಸೇಡಂ ಕಡೀ ಒಬ್ಬಾಕಿ ಹುಡುಗಿ, ಭಾಳ ಚುರುಕು. ಆಕಿ ಕಾಕಾನ ಮಗ ಬ್ಯಾರೆ ಯಾವುದೋ ಕಂಪನಿದಾಗ ಐಡಿ ಮಾಡಿಕೊಟ್ಟಿದ್ದ. ಹೆಸರು, ಊರು, ನಡುವ ಅಂಡರ್‌ಸ್ಕೋರ್. ಒಂದಲ್ಲ, ಜೋಡಿ! ಚಂದ ಕಾಣ್ತದಂತ. ಒಂದು ನೌಕರಿ ಫಾರ್ಮಿನಾಗ ಅದನ್ನ ಪೆನ್ನಿಲೆ ಬರೆದಳು. ಫಾರ್ಮಿನಾಗ ಮೊದಲೇ ಗೆರಿ ಇರ್ತಾವಲ್ಲ, ಅದರ ಮ್ಯಾಲೇ ಈ ಅಂಡರ್‌ಸ್ಕೋರ್ ಕುಂತು ಮಾಯ ಆಯ್ತು. ಟೈಪ್ ಮಾಡಾಂವ ನಡುವ ಜಾಗ ಬಿಟ್ಟಾಳ ಅಂತ ತಿಳ್ಕೊಂಡ. ಐಡಿದಾಗ ಜಾಗ ಬಿಡಂಗಿಲ್ಲ ನೋಡ್ರಿ, ಕೂಡಿಸಿ ಹೊಡೆದುಬಿಟ್ಟ. ಇಂಟರ್‌ವ್ಯೂ ಪತ್ರ ಎಲ್ಲಿಗೆ ಹೋಯ್ತೋ ಶರಣಬಸಪ್ಪಗೇ ಗೊತ್ತು. ಗೆಳತಿಗೆ ಬಂತು, ತನಗ್ಯಾಕ ಬರಲಿಲ್ಲ ಅಂತ ಹುಡುಗಿ ಅಳಕೋತ ನನ್ನ ಕಡೆ ಬಂದಳು. ನಾನೇ ಆ ಆಫೀಸಿಗೆ ಫೋನ್ ಹಚ್ಚಿದೆ. ‘ನಡುವ ಅಂಡರ್‌ಸ್ಕೋರ್ ಅದರೀ’ ಅಂದೆ. ‘ಡ್ಯಾಶ್ ಏನ್ರೀ?’ ಅಂದ್ರು. ‘ಅಲ್ರಿ, ಕೆಳಗಿನ ಗೆರಿ. ಎರಡವ.’ ‘ಹಾಂ, ಎರಡು ಡ್ಯಾಶ್,’ ಅಂತ ಬರಕೊಂಡ್ರು! ಅದನ್ನ ತಿದ್ದಿಸೋದ್ರೊಳಗ ಇಂಟರ್‌ವ್ಯೂ ಮುಗಿದಿತ್ತು.

ಫೋನಿನ್ಯಾಗ ಒಂದೇ ಸಲ ಹೇಳಿದ್ರ ತಿಳೀಬೇಕು, ಅದು ಐಡಿ. ಅಕ್ಷರ, ಅಂಕಿ, ಭಾಳಂದ್ರ ಒಂದು ಚುಕ್ಕಿ. ಎಷ್ಟು ಸಲ ಹೇಳಲಿ?

ಟೈಮ್ ಆಯ್ತಂತ ಗಾಜಿನ ಆ ಕಡಿಂದ ಕೈ ಮಾಡ್ಲಿಕತ್ತಾರ. ಉಳಿದದ್ದು ಲಗೂನ ಹೇಳ್ತೀನಿ. ಚುಕ್ಕಿ ಮೊದಲಿಗೆ ಬ್ಯಾಡ, ಕಡೀಗೆ ಬ್ಯಾಡ, ಎರಡು ಕೂಡಿ ಬ್ಯಾಡ. ಜಿಮೇಲ್‌ದಾಗ ಚುಕ್ಕಿ ಬಿಟ್ಟು ಬರೆದ್ರೂ ಪತ್ರ ನಿಮಗೇ ಬರ್ತದ. ಬ್ಯಾರೆ ಕಡೆ ಅದನ್ನ ನಂಬಬ್ಯಾಡ್ರಿ. ದೊಡ್ಡಕ್ಷರ, ಸಣ್ಣಕ್ಷರದ ಚಿಂತಿ ಬಿಡ್ರಿ. ಕನ್ನಡ ಅಕ್ಷರದಾಗೂ ಐಡಿ ಮಾಡಬಹುದು, 2012ರಾಗೇ ಅದಕ್ಕ ನಿಯಮ ಬಂದದ. ನನಗೂ ಆಸಿ ಅದ. ಖರೇ ಅಂದ್ರ ಅರ್ಜಿ ಫಾರ್ಮುಗಳು ಇನ್ನೂ ಅದನ್ನ ದೂಡ್ತಾವ, ನೌಕರಿಗೆ ಸಾದಾ ಐಡಿನೇ ಕೊಡ್ರಿ.

ಇನ್ನ ಇಮೇಲ್ ಐಡಿ ಮುಂದ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಹಚ್ಚೋರು ಅದಾರ. ಅವರ ಸಲುವಾಗಿ ಬ್ಯಾರೆ ಒಂದು ದಿನ ಕರೀರಿ, ಬರ್ತೀನಿ. ಶರಣು.