ಮಾಗಿಯ ದಾರಿಗೆ ಹಳೆಯ ಗಾಡಿ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಮಾಗಿ ಬಂತೆಂದರೆ ತಿರುಗಾಟದ ಕಾಲ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ, ಸಂಕ್ರಾಂತಿಗೆ ಸಿಗಂದೂರು, ನಡುವೆ ಬಿಡುವಾದರೆ ಶೃಂಗೇರಿ, ಹೊರನಾಡು, ಕೊಲ್ಲೂರು. ಸಂಕ್ರಾಂತಿ ಕಳೆಯಿತೋ, ಮದುವೆ ಉಪನಯನಗಳ ಸಾಲು. ಮಳೆಗಾಲವಿಡೀ ಜಗುಲಿ ಬಿಟ್ಟು ಕದಲದ ಅಜ್ಜ ಅಜ್ಜಿಯರೂ ಈಗ ಶಾಲು ಹೊದ್ದು ಹೊರಡುತ್ತಾರೆ. ಬಹಳಷ್ಟು ಮನೆಗಳಲ್ಲಿ ಅವರನ್ನು ಹೊತ್ತು ಸಾಗುವುದು ಹದಿನೈದು ವರ್ಷ ದುಡಿದ, ಮೀಟರಿನಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿದ ಹಳೆಯ ಗಾಡಿ. ಇವತ್ತಿನ ಮಾತು ಆ ಗಾಡಿಯ ಬಗ್ಗೆ, ಅದನ್ನು ಎಷ್ಟು ನಂಬಬಹುದು, ನಂಬುವ ಮೊದಲು ಏನೇನು ನೋಡಿಕೊಳ್ಳಬೇಕು ಎನ್ನುವುದರ ಬಗ್ಗೆ.

"ಇನ್ನೂ ಇದೇ ಗಾಡೀನಾ? ಕೊಟ್ಟು ಹೊಸದು ತಗೊಳ್ಳಿ" ಎಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಹೇಳುವುದು ಸುಲಭ. ಅಡಿಕೆ ನಂಬಿದ ಮನೆಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ಎಲೆಚುಕ್ಕಿ. ಕೊನೆಕೊಯ್ಲು ಮುಗಿಯುವ ತನಕ ಕೈಗೆ ಎಷ್ಟು ಬಂದೀತೆಂದು ಯಾರಿಗೂ ಗೊತ್ತಿರುವುದಿಲ್ಲ. ಬಸ್ಸಿಗೆ ಹೋಗೋಣವೆಂದರೆ, ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಎಷ್ಟೋ ಒಳದಾರಿಗಳಲ್ಲಿ ಬಸ್ಸಿನ ಸದ್ದೇ ಅಪರೂಪವಾಯಿತು. ಹಾಗಾಗಿ ನಮ್ಮಲ್ಲಿ ಹಳೆಯ ಗಾಡಿಯನ್ನು ಇಟ್ಟುಕೊಂಡವರು ಅದರ ಅಗತ್ಯ ಇದ್ದೇ ಇಟ್ಟುಕೊಂಡಿದ್ದಾರೆ. ಅವರಿಗೆ ಬೇಕಾದದ್ದು ಗಾಡಿ ಬದಲಿಸುವ ಬುದ್ಧಿವಾದವಲ್ಲ, ಇರುವ ಗಾಡಿಯನ್ನು ಘಾಟಿಗೆ ತಯಾರು ಮಾಡುವ ತಿಳಿವಳಿಕೆ.

ಮೊದಲು ಒಂದು ಮಾತು. ಕಿಲೋಮೀಟರ್ ಹೆಚ್ಚು ಓಡಿದೆ ಎಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಕಾಲಕಾಲಕ್ಕೆ ಆಯಿಲ್ ಬದಲಿಸುತ್ತ ಹೆದ್ದಾರಿಯಲ್ಲಿ ಎರಡು ಲಕ್ಷ ಓಡಿದ ಇಂಜಿನ್, ಪೇಟೆಯೊಳಗೆ ದಿನಾ ಒಂದೆರಡು ಮೈಲಿ ಓಡಿ, ಸರಿಯಾಗಿ ಬಿಸಿಯೇ ಆಗದೆ ನಿಂತ ಇಂಜಿನ್ನಿಗಿಂತ ಎಷ್ಟೋ ಗಟ್ಟಿಯಾಗಿರುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಹೇಳುವುದೂ ಇದನ್ನೇ: "ಅಕ್ಕಾ, ಇಂಜಿನ್ ದಾರೀಲಿ ಬಿಟ್ಟು ಹೋಗೋದು ಕಡಿಮೆ. ಬಿಟ್ಟು ಹೋಗೋದು ರಬ್ಬರು, ವೈರು, ಬ್ಯಾಟರಿ." ಈ ಮೂರಕ್ಕೂ ವಯಸ್ಸಾಗುವುದು ಕಿಲೋಮೀಟರಿಗಿಂತ ಹೆಚ್ಚಾಗಿ ವರ್ಷದಿಂದ, ಬಿಸಿಯಿಂದ, ತೇವದಿಂದ.

ತೇವಕ್ಕೆ ನಮ್ಮಲ್ಲಿ ಬರವೇ? ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯ ಹೊಟ್ಟೆಯಡಿ ಒಣಗುವುದೇ ಇಲ್ಲ. ಆಗ ಹಿಡಿದ ತುಕ್ಕು, ವೈರಿನ ಕೊಂಡಿಗಳಲ್ಲಿ ಕುಳಿತ ಹಸಿರು ಕಿಲುಬು, ಬ್ರೇಕ್ ಆಯಿಲ್‌ನೊಳಗೆ ಸೇರಿದ ನೀರು, ಇವೆಲ್ಲ ತಮ್ಮ ಗುಣ ತೋರಿಸುವುದು ಡಿಸೆಂಬರಿನ ಬೆಳಗಿನ ಜಾವ, ಮಕ್ಕಳುಮರಿ ಎಲ್ಲ ಗಾಡಿ ಹತ್ತಿ ಕುಳಿತಾಗ. ನಮ್ಮ ಚಳಿಗಾಲದ ತಾಪತ್ರಯಗಳ ಬೇರು ಹೆಚ್ಚಾಗಿ ಮಳೆಗಾಲದಲ್ಲೇ ಇರುತ್ತದೆ.

ಇದಕ್ಕೆ ನಮ್ಮ ಹಿರಿಯರ ಪಂಚಾಂಗದಲ್ಲೇ ಒಳ್ಳೆಯ ದಿನವೊಂದಿದೆ, ಆಯುಧಪೂಜೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಸರಿಯಾಗಿ ಅದು ಬರುತ್ತದೆ. ಗಾಡಿ ತೊಳೆದು, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಅದೇ ವಾರ ಬಾನೆಟ್ ತೆರೆದು ನೋಡುವ, ಗಾಡಿಯನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಕೆಳಗಿನಿಂದ ನೋಡಿಸುವ ರೂಢಿಯನ್ನೂ ಮಾಡಿಕೊಳ್ಳಿ ಎಂದು ನನ್ನ ಪ್ರೀತಿಯ ಒತ್ತಾಯ. ಜಾತ್ರೆಯ ಹಿಂದಿನ ದಿನ ಗ್ಯಾರೇಜಿಗೆ ಹೋದರೆ ಅಲ್ಲಿ ಎಲ್ಲರೂ ಸಾಲು ನಿಂತಿರುತ್ತಾರೆ, ಬೇಕಾದ ಪಾರ್ಟು ಬೆಂಗಳೂರಿನಿಂದ ಬರಬೇಕಿರುತ್ತದೆ. ಹಳೆಯ ಮಾಡೆಲ್ಲಿನ ಪಾರ್ಟಂತೂ ಕೇಳಿದ ದಿನವೇ ಸಿಗುವುದು ಕಷ್ಟ.

ಈಗ ರಬ್ಬರಿನ ವಿಷಯಕ್ಕೆ ಬರುತ್ತೇನೆ. ರೇಡಿಯೇಟರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ಹೋಸ್ ಪೈಪು ಇರುತ್ತದಲ್ಲ, ಇಂಜಿನ್ ಪೂರ್ತಿ ತಣ್ಣಗಿರುವಾಗ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಹೋಗಿ ಮತ್ತೆ ಎದ್ದು ಬಂದರೆ ಸರಿ. ಕರಕರ ಎಂದರೆ, ಕ್ಲಿಪ್ಪಿನ ಹತ್ತಿರ ಸಣ್ಣ ಸಣ್ಣ ಬಿರುಕು ಕಂಡರೆ, ಅಥವಾ ತೀರಾ ಉಬ್ಬಿ ಜೋಲುತ್ತಿದ್ದರೆ ಅದರ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಹಾಗೆಯೇ ರೇಡಿಯೇಟರಿನ ಮುಚ್ಚಳ ತೆಗೆದು ಒಳಗಿನ ನೀರಿನ ಬಣ್ಣ ನೋಡಿ. ಇಂಜಿನ್ ತಣಿಸಲು ಹಾಕುವ ಕೂಲೆಂಟ್ ಹಸಿರೋ ಕೆಂಪೋ ನೀಲಿಯೋ, ಹಾಕಿದಾಗಿನ ಬಣ್ಣದಲ್ಲೇ ತಿಳಿಯಾಗಿರಬೇಕು. ಬರೀ ಬಾವಿ ನೀರು ತುಂಬಿಸುತ್ತ ಬಂದ ಗಾಡಿಯಲ್ಲಿ ಅದು ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಳಗೆ ತುಕ್ಕು ಕರಗುತ್ತಿದೆ ಎಂದರ್ಥ.

ಹುಲಿಕಲ್ ಘಾಟಿಯಲ್ಲಿ ನಾನು ಕಂಡ ಒಂದು ಕುಟುಂಬವನ್ನು ಇಲ್ಲಿ ಹೇಳಲೇಬೇಕು. ಕುಂದಾಪುರದ ಕಡೆಯಿಂದ ಹೊಸಂಗಡಿ ದಾಟಿ ಘಾಟಿ ಹತ್ತುತ್ತಿದ್ದರು. ತಿರುವಿನ ಪಕ್ಕ ಬಾನೆಟ್ ಎತ್ತಿದ ಗಾಡಿ, ಹಬೆಯ ಹೊಗೆ, ಬಂಡೆಯ ಮೇಲೆ ಶಾಲು ಹೊದ್ದು ಕುಳಿತ ಅಜ್ಜಿ, ಅವರ ಮಡಿಲಲ್ಲಿ ಒಂದು ಮಗು. ಕತ್ತಲಾಗುತ್ತಿತ್ತು. ಮನೆಯ ಯಜಮಾನರು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವುದರಲ್ಲಿದ್ದರು. ನಮ್ಮವರು ಓಡಿಹೋಗಿ ತಡೆದರು. ಬಿಸಿ ಇಂಜಿನ್ನಿನ ಮುಚ್ಚಳ ತೆಗೆದರೆ ಕುದಿವ ನೀರು ಮುಖಕ್ಕೇ ಹಾರುತ್ತದೆ. ಕಾದು, ತಣಿದ ಮೇಲೆ ನೋಡಿದರೆ ಮೇಲಿನ ಹೋಸ್ ಪೈಪಿನಲ್ಲಿ ಉಗುರಿನಷ್ಟು ಸೀಳು. ಘಾಟಿ ಇಳಿಯುತ್ತಿದ್ದ ಲಾರಿಯವರೊಬ್ಬರು ನಿಲ್ಲಿಸಿ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಎಳೆದೆಳೆದು ಸುತ್ತಿ, ತಂತಿ ಬಿಗಿದರು. ಕ್ಯಾನಿನಲ್ಲಿದ್ದ ನೀರು ತುಂಬಿಸಿ, ಒತ್ತಡ ಕಟ್ಟಿಕೊಳ್ಳದಂತೆ ಮುಚ್ಚಳವನ್ನು ಅರ್ಧ ಮಾತ್ರ ತಿರುಗಿಸಿ, ನಿಂತು ನಿಂತು ಹೋಗಿ ಎಂದರು. ಹಾಗೆ ಅವರು ಮಾಸ್ತಿಕಟ್ಟೆ ಸೇರಿದರು. ಆ ಪೈಪಿನ ಬೆಲೆ ಅವರು ಅಂದು ತುಂಬಿಸಿದ ಡೀಸೆಲ್ಲಿಗಿಂತ ಕಡಿಮೆ ಇದ್ದೀತು.

ಇದೇ ಜಾತಿಯ ಇನ್ನೊಂದು ರಬ್ಬರು ಟೈಮಿಂಗ್ ಬೆಲ್ಟ್, ಇಂಜಿನ್ನಿನ ವಾಲ್ವುಗಳನ್ನು ತಾಳ ತಪ್ಪದೆ ನಡೆಸುವ ಪಟ್ಟಿ. ಅದರ ಬದಲು ಚೈನ್ ಇರುವ ಇಂಜಿನ್ನಿಗೆ ಈ ಚಿಂತೆ ಇಲ್ಲ. ಬೆಲ್ಟ್ ಇರುವುದಾದರೆ ಸಾಮಾನ್ಯವಾಗಿ 80,000ದಿಂದ 1,00,000 ಕಿಲೋಮೀಟರಿಗೆ ಬದಲಿಸಬೇಕು. ಎಷ್ಟಕ್ಕೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಓಡಾಟ ಕಡಿಮೆಯಿದ್ದರೂ ವರ್ಷಗಳ ಲೆಕ್ಕದಲ್ಲಿ ಬದಲಿಸಲೇಬೇಕು. ಸೆಕೆಂಡ್ ಹ್ಯಾಂಡ್ ಕೊಂಡವರು, ಹಿಂದಿನವರು ಬದಲಿಸಿದ ಚೀಟಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಅದು ಓಡುವಾಗ ಕಡಿದರೆ ಬಹಳ ಇಂಜಿನ್ನುಗಳಲ್ಲಿ ವಾಲ್ವುಗಳು ಬಾಗಿ, ಇಂಜಿನ್ನನ್ನೇ ಬಿಚ್ಚಬೇಕಾಗುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಯಾವ ಉಳಿತಾಯವೂ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿತೆಂದರೆ ಅದು 155 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಆ ಬಿಸಿ ದೂರವೇನಲ್ಲ. ಆಯಿಲ್ ಕುದಿದರೆ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ನಮ್ಮ ತೇವದ ಊರಿನಲ್ಲಿ ಅದಕ್ಕಿಂತ ಮೊದಲೇ ಆದರೂ ಒಳ್ಳೆಯದೇ. ಇಳಿಯುವಾಗ ಹಳೆಯ ಡ್ರೈವರುಗಳು ಹೇಳುವ ಮಾತು ಇಂದಿಗೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಇಳಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಇಂಜಿನ್ ನಿಂತರೆ ಬ್ರೇಕಿಗೆ ಒತ್ತಾಸೆ ಕೊಡುವ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಸೋಲುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ.

ಬ್ಯಾಟರಿಗೆ ಮೂರು ನಾಲ್ಕು ವರ್ಷ ಆಯುಷ್ಯ. ನಮ್ಮ ಚಳಿ 12, 13 ಡಿಗ್ರಿಯದು. ಒಳ್ಳೆಯ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಸೋತ ಬ್ಯಾಟರಿ, ತಣ್ಣಗೆ ಗಟ್ಟಿಯಾದ ಆಯಿಲ್ ಇರುವ ಇಂಜಿನ್ನನ್ನು ತಿರುಗಿಸಲಾರದೆ ಕೈಕೊಡಲು ಅಷ್ಟು ಚಳಿಯೇ ಸಾಕು. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ ಖಾಲಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ವೈರು ಬಿಚ್ಚಿ, ಬಿಸಿನೀರು ಹೊಯ್ದು, ಹಳೆಯ ಬ್ರಷ್‌ನಿಂದ ಉಜ್ಜಿ, ಒಣಗಿಸಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಡೀಸೆಲ್ ಗಾಡಿಯಾದರೆ, ಸ್ಟಾರ್ಟ್ ಮಾಡುವ ಮೊದಲು ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್‌ಗಳನ್ನೂ ನೋಡಿಸಿ. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರುವ ತನಕ ಕಾದು ಕೀ ತಿರುಗಿಸಿ.

ವೈರು ಎಂದಾಗ ಇಲಿಯನ್ನು ಮರೆಯುವಂತಿಲ್ಲ. ಗದ್ದೆ ಕೊಯ್ಲಿನ ಹೊತ್ತಿಗೆ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತ ಗಾಡಿಯ ಬಾನೆಟ್ ಒಳಗೆ ಬೆಚ್ಚಗೆ ಗೂಡು ಕಟ್ಟಿರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ಹುಲ್ಲು, ಅಡಿಕೆ ಸಿಪ್ಪೆ. ಹೊಗೆಸೊಪ್ಪಿನ ಕಟ್ಟು ಇಡುವವರಿದ್ದಾರೆ, ಇಡಿ. ಆದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದನ್ನು ಬಿಡಬೇಡಿ.

ಇನ್ನು ಮಂಜು. ತುಂಗೆಯ ದಂಡೆಯಲ್ಲಿ, ಶರಾವತಿ ಹಿನ್ನೀರಿನ ಆಸುಪಾಸಿನಲ್ಲಿ ಬೆಳಗಿನ ಮಂಜು ಎಷ್ಟು ದಟ್ಟ ಎಂದು ನಿಮಗೇ ಗೊತ್ತು. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಡಿಮ್ ಹಾಕಿಯೇ ಓಡಿಸಬೇಕು. ಹಳೆಯ ಗಾಡಿಯ ಹೆಡ್‌ಲೈಟಿನ ಮಬ್ಬಾದ ಹೊರಗಾಜನ್ನು ಪಾಲಿಶ್ ಮಾಡಿಸಿದರೆ ಬೆಳಕಿನಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ. ಹೊರಗಿನ ಮಂಜಿಗಿಂತ ಒಳಗಿನದು ಇನ್ನೂ ಕಷ್ಟ. ಐದಾರು ಜನರ ಉಸಿರಿಗೆ ಗಾಜು ಕ್ಷಣದಲ್ಲಿ ಮಸುಕಾಗುತ್ತದೆ. ಬಟ್ಟೆಯಿಂದ ಒರೆಸುತ್ತ ಒಂದೇ ಕೈಯಲ್ಲಿ ತಿರುವು ಹೊಡೆಯುವುದು ಬೇಡ. ಏಸಿ ಗಾಳಿಯ ತೇವ ತೆಗೆಯುತ್ತದೆ. ಏಸಿ ಮತ್ತು ಹೀಟರ್ ಎರಡನ್ನೂ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದರೆ ಬೇಗ ತಿಳಿಯಾಗುತ್ತದೆ. "ಚಳಿಗಾಲಕ್ಕೆ ಏಸಿ ಗ್ಯಾಸ್ ಯಾಕೆ, ಬೇಸಿಗೆಗೆ ತುಂಬಿಸಿದರಾಯ್ತು" ಎನ್ನುವವರಿಗೆ ಈ ಕಾರಣಕ್ಕಾಗಿಯೇ ನಾನು ಈಗಲೇ ತುಂಬಿಸಿ ಎನ್ನುತ್ತೇನೆ. ಇಂಜಿನ್ ಅತಿ ಬಿಸಿಯಾಗುತ್ತದೆಂದು, ಅದರ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನೇ ಕಿತ್ತು ಹಾಕಿದ ಗಾಡಿಗಳೂ ನಮ್ಮಲ್ಲಿ ಬಹಳ. ಚಳಿಯಲ್ಲಿ ಅಂಥ ಇಂಜಿನ್ ಬಿಸಿಯೇರುವುದಿಲ್ಲ, ಹೀಟರಿನಲ್ಲಿ ಬಿಸಿಗಾಳಿ ಬರುವುದಿಲ್ಲ, ಇಂಧನ ಹೆಚ್ಚು ಕುಡಿಯುತ್ತದೆ. ಹೊಸದು ಹಾಕಿಸಿ. ಎಲ್ಲಕ್ಕಿಂತ ಮೇಲಾಗಿ, ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ಹಟ ಬಿಡಿ. ತಿಂಡಿ ತಿಂದು, ಬಿಸಿಲು ಬಂದ ಮೇಲೆ ಹೊರಟರೂ ದೇವರ ದರ್ಶನ ಆಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಹಳೆಯ ಟೈರು ಗಟ್ಟಿಯಾಗಿ, ಇಬ್ಬನಿ ಬಿದ್ದ ರಸ್ತೆಯಲ್ಲಿ ಜಾರುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಜಾಕನ್ನು ಮನೆಯಂಗಳದಲ್ಲೇ ಒಮ್ಮೆ ಹಾಕಿ ಎತ್ತಿ ನೋಡಿ. ಮಲೆನಾಡಿನ ಹಳೆಯ ಗಾಡಿಗಳಲ್ಲಿ ಜಾಕ್ ಕೊಡುವ ಜಾಗವೇ ಒಳಗಿಂದೊಳಗೆ ತುಕ್ಕು ತಿಂದು, ಎತ್ತಿದರೆ ತಗಡಿನೊಳಗೆ ತೂರಿಹೋಗುತ್ತದೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ನೆಲಕ್ಕೆ ತಟ್ಟಿ; ಠಣ್ ಎಂದರೆ ಗಟ್ಟಿ, ಬೊದ್ದಾಗಿ ಸದ್ದು ಬಂದರೆ ಅಲ್ಲಿ ತಗಡು ಉಳಿದಿಲ್ಲ.

ಗಾಡಿಯನ್ನು ಬಿಡಬೇಕಾದ ಹೊತ್ತು ಯಾವುದು ಎಂದು ಕೇಳಿದರೆ ನನ್ನ ಉತ್ತರ ಇಲ್ಲಿದೆ. ಇಂಜಿನ್ ಕಟ್ಟಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚಾಸಿ, ಸಸ್ಪೆನ್ಷನ್ ಹಿಡಿದ ಜಾಗ, ಸೀಟು ಬೆಲ್ಟು ಕಚ್ಚಿಕೊಂಡ ಜಾಗ ತುಕ್ಕು ತಿಂದಿದ್ದರೆ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿ ಘಾಟಿಗೆ ಹೋಗಬೇಡಿ, ಎಷ್ಟೇ ಅಕ್ಕರೆ ಇರಲಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂದು ದೆಹಲಿಯಲ್ಲಿ ತಂದಂಥ ನಿಯಮ ನಮ್ಮಲ್ಲಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓ ತಪಾಸಣೆ ಮುಗಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ತಪಾಸಣೆಯನ್ನು ಕಾಗದಕ್ಕಾಗಿ ಮಾಡಿಸದೆ, ನಿಮಗಾಗಿ ಮಾಡಿಸಿ.

ಇಷ್ಟೆಲ್ಲ ಆಗಿಯೂ ದಾರಿಯಲ್ಲಿ ನಿಂತರೆ? ತಿರುವಿನಲ್ಲಿ ನಿಲ್ಲಿಸದೆ ನೇರ ರಸ್ತೆಯ ಬದಿಗೆ ತನ್ನಿ. ಚಕ್ರಕ್ಕೆ ಕಲ್ಲು ಕೊಡಿ. ಮಕ್ಕಳು, ಹಿರಿಯರನ್ನು ಇಳಿಸಿ ಬೆಟ್ಟದ ಬದಿಗೆ, ಗಾಡಿಯಿಂದ ದೂರ ಕೂರಿಸಿ. ಕೆಂಪು ತ್ರಿಕೋನವನ್ನು ಹಿಂದಿನ ತಿರುವಿಗೂ ಮೊದಲು ಕಾಣುವಂತೆ ಇಡಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಘಾಟಿಯ ನಡುವೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಯಾವ ಘಾಟಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಮನೆಯಲ್ಲಿ ಉಳಿದವರಿಗೆ ಹೇಳಿ ಹೊರಡಿ. ಐದು ಲೀಟರ್ ನೀರು, ಒಂದು ಟಾರ್ಚು, ಎರಡು ಕಂಬಳಿ, ಮಕ್ಕಳಿಗೆ ತಿನ್ನಲು ಏನಾದರೂ ಡಿಕ್ಕಿಯಲ್ಲಿರಲಿ.

ನಮಸ್ಕಾರ.